ತೋರುಬೆರಳಿನ ಶಾಯಿ, ನಡುಬೆರಳಿನ ಶಾಯಿ

ಮತಗಟ್ಟೆಯಿಂದ ಹೊರಬರುವ ತಾಯಿಯೊಬ್ಬಳ ಎಡಗೈಯಲ್ಲಿ ಎರಡು ಬೆರಳಿಗೆ ಶಾಯಿ ಇರಬಹುದು. ತೋರುಬೆರಳಿನದು ಆಕೆಯ ಸ್ವಂತ ಮತದ ಗುರುತು. ನಡುಬೆರಳಿನದು ಗಡಿಯಲ್ಲಿ ಕಾವಲಿರುವ ಮಗನ ಪರವಾಗಿ ಹಾಕಿದ ಮತದ ಗುರುತು. ಇದರಲ್ಲಿ ಅಕ್ರಮವೇನೂ ಇಲ್ಲ. 2003ರಲ್ಲಿ ಸಂಸತ್ತು ಚುನಾವಣಾ ಕಾನೂನಿಗೆ ತಿದ್ದುಪಡಿ ತಂದು ಸೈನಿಕರಿಗೆ ಕೊಟ್ಟ ಸವಲತ್ತು ಇದು. ಬದಲಿ ಮತ ಹಾಕುವವರಿಗೆ ಯಾವ ಬೆರಳಿಗೆ ಶಾಯಿ ಹಚ್ಚಬೇಕು ಎಂಬುದನ್ನೂ ನಿಯಮವೇ ಹೇಳಿದೆ. ಆ ಶಾಯಿ ನಮ್ಮ ಮೈಸೂರಿನದು. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆ, ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್, 1962ರ ಚುನಾವಣೆಯಿಂದ ದೇಶಕ್ಕೆಲ್ಲ ಅದನ್ನು ಪೂರೈಸುತ್ತಿದೆ.

ಊರಲ್ಲಿಲ್ಲದವನ ಮತವನ್ನು ಊರಿಗೆ ತಲುಪಿಸಲು ನಮ್ಮ ಕಾನೂನು ಇಷ್ಟು ಮುತುವರ್ಜಿ ವಹಿಸಬಲ್ಲದು. ಆದರೆ ಎಲ್ಲರಿಗೂ ವಹಿಸಿಲ್ಲ. ಅದನ್ನು ಅರಿಯಲು ಒಂದು ಮನೆಯನ್ನು ಊಹಿಸಿಕೊಳ್ಳೋಣ. ಕಲಬುರಗಿ ಜಿಲ್ಲೆ, ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ತಾಯಿ ಒಬ್ಬಳೇ. ಹಿರಿಯ ಮಗ ಸೈನ್ಯದಲ್ಲಿ, ಲಡಾಖಿನಲ್ಲಿದ್ದಾನೆ. ನಡುವಿನವನು ದುಬೈಯಲ್ಲಿ ಕೆಲಸಕ್ಕಿದ್ದಾನೆ. ಕಿರಿಯವನು ಮುಂಬಯಿಯ ಧಾರಾವಿಯಲ್ಲಿ, ಒಂದು ಹೊಲಿಗೆ ಕಾರ್ಖಾನೆಯಲ್ಲಿ ದುಡಿದು ರಾತ್ರಿ ಅಲ್ಲೇ ಮಲಗುತ್ತಾನೆ. ಊರಿಂದ ಅತಿ ದೂರ ಇರುವವನು ದುಬೈಯವನು. ಅತಿ ಹತ್ತಿರ ಇರುವವನು ಧಾರಾವಿಯವನು, ರೈಲಿನಲ್ಲಿ ಹತ್ತು ತಾಸಿನ ಆಸುಪಾಸು. ಮತದ ಲೆಕ್ಕದಲ್ಲಿ ಮಾತ್ರ ಈ ದೂರ ತಲೆಕೆಳಗಾಗುತ್ತದೆ.

ಮೊದಲು ಮೂಲ ನಿಯಮ. ಮತದಾನದ ಹಕ್ಕು ಹುಟ್ಟಿದ ಊರಿಗೆ ಸೇರಿದ್ದಲ್ಲ, ಆಸ್ತಿಗೂ ಸೇರಿದ್ದಲ್ಲ, ವಾಸಕ್ಕೆ ಸೇರಿದ್ದು. 1950ರ ಜನಪ್ರತಿನಿಧಿ ಕಾಯ್ದೆಯ 19ನೇ ಕಲಂ ಪ್ರಕಾರ 18 ತುಂಬಿದ, ಕ್ಷೇತ್ರದ ‘ಸಾಮಾನ್ಯ ನಿವಾಸಿ’ಯಾದ ನಾಗರಿಕನ ಹೆಸರು ಅಲ್ಲಿನ ಪಟ್ಟಿಗೆ ಸೇರಬೇಕು. ಸಾಮಾನ್ಯ ನಿವಾಸಿ ಯಾರು ಎಂಬುದನ್ನು 20ನೇ ಕಲಂ ಬಿಡಿಸಿ ಹೇಳುತ್ತದೆ. ಊರಲ್ಲಿ ಸ್ವಂತ ಮನೆಯಿದೆ ಎಂದ ಮಾತ್ರಕ್ಕೆ ಯಾರೂ ಅಲ್ಲಿನ ನಿವಾಸಿಯಾಗುವುದಿಲ್ಲ. ಸ್ವಲ್ಪ ಕಾಲ ಊರು ಬಿಟ್ಟಿದ್ದಾನೆ ಎಂದ ಮಾತ್ರಕ್ಕೆ ಆ ಹಕ್ಕು ಹೋಗುವುದೂ ಇಲ್ಲ. ಈ ಎರಡು ವಾಕ್ಯಗಳ ನಡುವಿನ ಜಾಗದಲ್ಲೇ ಕೋಟ್ಯಂತರ ವಲಸಿಗರ ಬದುಕು ಸಿಕ್ಕಿಕೊಂಡಿದೆ. ಮೂವರು ಮಕ್ಕಳ ಕಥೆಯೂ ಇಲ್ಲಿಂದಲೇ ಕವಲೊಡೆಯುತ್ತದೆ.

ಹಿರಿಯ ಮಗನಿಂದ ಶುರು ಮಾಡೋಣ. ಸೈನಿಕ ಎಲ್ಲೇ ನಿಯುಕ್ತನಾಗಿರಲಿ, ಸೇವೆಯಲ್ಲಿ ಇಲ್ಲದಿದ್ದರೆ ಯಾವ ಊರಲ್ಲಿ ಇರುತ್ತಿದ್ದನೋ ಅದೇ ಅವನ ವಾಸಸ್ಥಳ ಎಂದು ಕಾನೂನು ಭಾವಿಸುತ್ತದೆ. ಇವರನ್ನು ‘ಸೇವಾ ಮತದಾರರು’ ಎನ್ನುತ್ತಾರೆ. ಭೂಸೇನೆ, ನೌಕಾಸೇನೆ, ವಾಯುಸೇನೆಯವರ ಜೊತೆಗೆ ಬಿಎಸ್‌ಎಫ್, ಸಿಆರ್‌ಪಿಎಫ್, ಐಟಿಬಿಪಿ, ಅಸ್ಸಾಂ ರೈಫಲ್ಸ್‌ನಂಥ ಪಡೆಗಳವರು, ಸ್ವಂತ ರಾಜ್ಯದ ಹೊರಗೆ ಕರ್ತವ್ಯದಲ್ಲಿರುವ ರಾಜ್ಯ ಸಶಸ್ತ್ರ ಪೊಲೀಸರು, ವಿದೇಶದ ಹುದ್ದೆಗಳಲ್ಲಿರುವ ಕೇಂದ್ರ ಸರ್ಕಾರಿ ನೌಕರರು ಈ ಗುಂಪಿಗೆ ಬರುತ್ತಾರೆ. ಸೈನಿಕರಿಗೆ ನಮೂನೆ 2, ಸಶಸ್ತ್ರ ಪೊಲೀಸರಿಗೆ 2ಎ, ವಿದೇಶದಲ್ಲಿರುವ ಸರ್ಕಾರಿ ನೌಕರರಿಗೆ 3. ಸಂಗಡ ವಾಸಿಸುವ ಪತ್ನಿಗೂ ಈ ಸವಲತ್ತು ಇತ್ತು, ಸೈನ್ಯದಲ್ಲಿರುವ ಮಹಿಳೆಯ ಪತಿಗೆ ಇರಲಿಲ್ಲ. 2021ರ ತಿದ್ದುಪಡಿ ‘ಪತ್ನಿ’ ಎಂಬ ಪದದ ಜಾಗದಲ್ಲಿ ‘ಸಂಗಾತಿ’ ಎಂಬ ಅರ್ಥದ ಪದವನ್ನಿಟ್ಟು ಆ ತಾರತಮ್ಯವನ್ನು ಅಳಿಸಿತು. 18 ದಾಟಿದ ಮಕ್ಕಳು ಮಾತ್ರ ಎಲ್ಲರಂತೆ ವಾಸಸ್ಥಳದಲ್ಲೇ ಹೆಸರು ಸೇರಿಸಿಕೊಳ್ಳಬೇಕು.

ಸೇವಾ ಮತದಾರನಿಗೆ ಮತಪತ್ರ ತಲುಪುವ ಬಗೆ ಈಗ ಬದಲಾಗಿದೆ. ಹಿಂದೆ ಚುನಾವಣಾಧಿಕಾರಿ ಅಂಚೆಯಲ್ಲಿ ಕಳಿಸಿದ ಮತಪತ್ರ ಹಿಮದ ನೆಲೆಯನ್ನು ತಲುಪಿ ಮತ್ತೆ ಊರಿಗೆ ಬರುವಷ್ಟರಲ್ಲಿ ಎಣಿಕೆಯೇ ಮುಗಿದಿರುತ್ತಿತ್ತು. ಎರಡು ಕಡೆಯ ಅಂಚೆಯಲ್ಲಿ ಒಂದನ್ನಾದರೂ ಉಳಿಸೋಣ ಎಂದು 2016ರ ಅಕ್ಟೋಬರ್‌ನಲ್ಲಿ ನಿಯಮ ತಿದ್ದಿದರು. ಸರ್ಕಾರಿ ಕಂಪ್ಯೂಟರ್ ಸಂಸ್ಥೆ ಸಿ-ಡ್ಯಾಕ್ ನೆರವಿನಿಂದ ಚುನಾವಣಾ ಆಯೋಗ ಇಟಿಪಿಬಿಎಸ್ (ವಿದ್ಯುನ್ಮಾನವಾಗಿ ರವಾನಿಸುವ ಅಂಚೆ ಮತಪತ್ರ) ಎಂಬ ವ್ಯವಸ್ಥೆ ರೂಪಿಸಿತು. ಅದೇ ವರ್ಷ ಪುದುಚೇರಿಯ ನೆಲ್ಲಿತೋಪು ಉಪಚುನಾವಣೆಯಲ್ಲಿ ಅದರ ಮೊದಲ ಪ್ರಯೋಗ ನಡೆಯಿತು. ಕಣದಲ್ಲಿರುವ ಅಭ್ಯರ್ಥಿಗಳ ಪಟ್ಟಿ ಅಂತಿಮವಾದ ಮೇಲೆ ಮತಪತ್ರ ಕಂಪ್ಯೂಟರಿನ ಮೂಲಕ ಸೈನಿಕನ ಘಟಕಕ್ಕೆ ಹೋಗುತ್ತದೆ. ಗುಪ್ತ ಸಂಖ್ಯೆ ಬಳಸಿ ತೆರೆದು, ಮುದ್ರಿಸಿ, ಗುರುತು ಹಾಕಿ ಒಳಲಕೋಟೆಗೆ ಸೇರಿಸಬೇಕು. ಅಧಿಕಾರಿ ದೃಢೀಕರಿಸಿದ ಘೋಷಣೆಯ ಜೊತೆ ಅದನ್ನು ಹೊರಲಕೋಟೆಯಲ್ಲಿಟ್ಟು ಅಂಚೆಗೆ ಹಾಕಬೇಕು. ಅಂಚೆ ವೆಚ್ಚ ಸೈನಿಕನದಲ್ಲ. ಎಣಿಕೆ ಶುರುವಾಗುವ ಬೆಳಿಗ್ಗೆ 8 ಗಂಟೆಯೊಳಗೆ ಲಕೋಟೆ ತಲುಪಿರಬೇಕು, ತಡವಾದರೆ ಲೆಕ್ಕಕ್ಕಿಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ ಸುಮಾರು 18 ಲಕ್ಷ ಸೇವಾ ಮತದಾರರಲ್ಲಿ 10 ಲಕ್ಷ 84 ಸಾವಿರ ಮಂದಿಯ ಮತಪತ್ರಗಳು ಮರಳಿ ಬಂದವು. ಹತ್ತರಲ್ಲಿ ಆರು. ಮೊದಲಿದ್ದ ಸ್ಥಿತಿಗೆ ಹೋಲಿಸಿದರೆ ಇದು ದೊಡ್ಡ ಗೆಲುವು.

ಅಂಚೆ ಬೇಡವೆಂದರೆ ಇನ್ನೊಂದು ಹಾದಿ ಇದೆ, ಆರಂಭದಲ್ಲಿ ಹೇಳಿದ ನಡುಬೆರಳಿನ ಹಾದಿ. ಸೈನಿಕ ನಮೂನೆ 13ಎಫ್ ತುಂಬಿ, ಮೇಲಧಿಕಾರಿಯ ಎದುರು ಸಹಿ ಮಾಡಿ, ಊರಲ್ಲೇ ವಾಸಿಸುವ ನಂಬಿಕಸ್ಥರೊಬ್ಬರನ್ನು ತನ್ನ ಬದಲಿ ಮತದಾರರನ್ನಾಗಿ ನೇಮಿಸಬಹುದು. ರದ್ದು ಮಾಡುವವರೆಗೆ ಮುಂದಿನ ಚುನಾವಣೆಗಳಿಗೂ ಆ ನೇಮಕ ನಡೆಯುತ್ತದೆ. ಇದು ಸೇನೆಯವರಿಗೆ ಮತ್ತು ಸೇನಾ ಕಾಯ್ದೆ ಅನ್ವಯಿಸುವ ಪಡೆಗಳವರಿಗೆ ಮಾತ್ರ. ಮನೆಮಂದಿಯೊಡನೆ ಶಾಂತಿ ನೆಲೆಯಲ್ಲಿ ಇರುವ ಸೈನಿಕನಿಗೆ ಮೂರನೆಯ ಹಾದಿಯೂ ಉಂಟು. ಅವನು ಅಲ್ಲಿನ ಸಾಮಾನ್ಯ ಮತದಾರನಾಗಿ ಹೆಸರು ಸೇರಿಸಬಹುದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಅವಕಾಶ ಕೊಟ್ಟಿತು. ಮುಂಬಯಿ ಬಂದರಿನಿಂದ ಹೊರಡುವ ವ್ಯಾಪಾರಿ ಹಡಗುಗಳ ನಾವಿಕರು ಮಾತ್ರ ಈ ಯಾವ ಪಟ್ಟಿಯಲ್ಲೂ ಇಲ್ಲ. ತಿಂಗಳುಗಟ್ಟಲೆ ನೆಲ ಕಾಣದ ಅವರು ಸೈನಿಕರೂ ಅಲ್ಲ, ಸರ್ಕಾರಿ ನೌಕರರೂ ಅಲ್ಲ ಎಂಬ ಕಾರಣಕ್ಕೆ ಹೊರಗುಳಿದಿದ್ದಾರೆ.

ಈಗ ದುಬೈಯ ಮಗ. 2011ರವರೆಗೆ ಅವನಂಥವರು ಸಾಮಾನ್ಯ ನಿವಾಸಿಗಳಲ್ಲ ಎಂದು ಪಟ್ಟಿಯಿಂದಲೇ ಹೊರಗಿದ್ದರು. 2010ರಲ್ಲಿ ಕಾಯ್ದೆಗೆ 20ಎ ಕಲಂ ಸೇರಿತು, 2011ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಉದ್ಯೋಗ, ಓದು ಅಥವಾ ಬೇರೆ ಕಾರಣಕ್ಕೆ ವಿದೇಶದಲ್ಲಿದ್ದು, ಬೇರೆ ದೇಶದ ಪೌರತ್ವ ಪಡೆಯದ ಭಾರತೀಯ ಯಾರೇ ಇರಲಿ, ನಮೂನೆ 6ಎ ತುಂಬಿ ಪಾಸ್‌ಪೋರ್ಟಿನಲ್ಲಿರುವ ಊರಿನ ಪಟ್ಟಿಗೆ ಹೆಸರು ಸೇರಿಸಬಹುದು. ಅಮೆರಿಕದ ಪೌರತ್ವ ಪಡೆದು ಒಸಿಐ ಕಾರ್ಡ್ ಇಟ್ಟುಕೊಂಡ ನಮ್ಮ ನೆಂಟರಿಷ್ಟರಿಗೆ ಈ ಹಕ್ಕಿಲ್ಲ. ಸಾಗರೋತ್ತರ ಮತದಾರನಿಗೆ ವೋಟರ್ ಕಾರ್ಡ್ ಕೊಡುವುದಿಲ್ಲ, ಪಾಸ್‌ಪೋರ್ಟೇ ಅವನ ಗುರುತು. ಮತದಾನದ ದಿನ ಮೂಲ ಪಾಸ್‌ಪೋರ್ಟ್ ಹಿಡಿದು ಅವನೇ ಮತಗಟ್ಟೆಗೆ ಬರಬೇಕು. ಅಂಚೆಯೂ ಇಲ್ಲ, ಬದಲಿಯೂ ಇಲ್ಲ.

ಬಂದವರೆಷ್ಟು? 2024ರ ಲೋಕಸಭಾ ಚುನಾವಣೆಗೆ ನೋಂದಾಯಿಸಿದ್ದ ಸಾಗರೋತ್ತರ ಮತದಾರರು 1,19,374. ಮತ ಹಾಕಿದವರು 2,958. ಅವರಲ್ಲಿ 2,670 ಮಂದಿ ಕೇರಳದವರು. ಮಹಾರಾಷ್ಟ್ರದಲ್ಲಿ ನೋಂದಾಯಿಸಿದ 5,097 ಮಂದಿಯಲ್ಲಿ ಬಂದವರು 17. ವಿದೇಶದಲ್ಲಿರುವ ಭಾರತೀಯ ನಾಗರಿಕರ ಸಂಖ್ಯೆ ಒಂದು ಕೋಟಿ ಮೀರಿದೆ ಎಂಬುದನ್ನು ನೆನೆದರೆ, ನೋಂದಾಯಿಸಿದವರ ಸಂಖ್ಯೆಯೇ ನೂರಕ್ಕೆ ಒಂದರಷ್ಟು. ಒಂದು ಮತಕ್ಕಾಗಿ ವಿಮಾನದ ಟಿಕೆಟ್ ಕೊಳ್ಳಬಲ್ಲ ಕೂಲಿಕಾರ ಎಲ್ಲಿದ್ದಾನೆ? ಹಕ್ಕು ಕೊಟ್ಟು ಅದನ್ನು ಚಲಾಯಿಸುವ ದಾರಿ ಕೊಡದಿದ್ದರೆ ಹೀಗೇ ಆಗುತ್ತದೆ.

ಪರಿಹಾರ ಯಾರಿಗೂ ಹೊಳೆದಿಲ್ಲ ಎಂದಲ್ಲ. ಅನಿವಾಸಿಗಳಿಗೂ ಬದಲಿ ಮತದ ಅವಕಾಶ ಕೊಡುವ ಮಸೂದೆ 2018ರ ಆಗಸ್ಟ್‌ನಲ್ಲಿ ಲೋಕಸಭೆಯ ಒಪ್ಪಿಗೆ ಪಡೆಯಿತು, ರಾಜ್ಯಸಭೆಯನ್ನು ದಾಟದೆ 2019ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು. ಸೈನಿಕರಿಗಿರುವ ಇಟಿಪಿಬಿಎಸ್ ಅನ್ನೇ ಅನಿವಾಸಿಗಳಿಗೂ ವಿಸ್ತರಿಸಬಹುದೆಂದು 2020ರ ನವೆಂಬರ್‌ನಲ್ಲಿ ಆಯೋಗ ಕಾನೂನು ಸಚಿವಾಲಯಕ್ಕೆ ಬರೆಯಿತು. ಅಮೆರಿಕ 1986ರ ಕಾಯ್ದೆಯಿಂದಲೇ ತನ್ನ ಸೈನಿಕರನ್ನೂ ವಿದೇಶದಲ್ಲಿರುವ ನಾಗರಿಕರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದೆ. 2009ರಲ್ಲಿ ಅದಕ್ಕೆ ಸೇರಿಸಿದ ನಿಯಮದಂತೆ ಚುನಾವಣೆಗೆ 45 ದಿನ ಮುಂಚೆ ಮತಪತ್ರ ಹೊರಡಲೇಬೇಕು. ಫ್ರಾನ್ಸ್ ತನ್ನ ಸಂಸತ್ತಿನ ಕೆಳಮನೆಯಲ್ಲಿ ವಿದೇಶವಾಸಿ ಫ್ರೆಂಚರಿಗೆಂದೇ 11 ಸ್ಥಾನ ಇಟ್ಟಿದೆ. ನಮ್ಮಂತೆಯೇ ಕೊಲ್ಲಿ ದೇಶಗಳಿಗೆ ಕೂಲಿ ಮಾಡಲು ಜನರನ್ನು ಕಳಿಸುವ ಫಿಲಿಪ್ಪೀನ್ಸ್ ಕೂಡ 2003ರಲ್ಲೇ ಅವರಿಗೆ ಗೈರುಹಾಜರಿ ಮತದಾನದ ಕಾನೂನು ಮಾಡಿತು.

ಇನ್ನು ಧಾರಾವಿಯ ಮಗ. ತೊಂಬತ್ತು ಅಡಿ ರಸ್ತೆಯ ಗದ್ದಲದಲ್ಲಿ ತಮಿಳು, ಮರಾಠಿ, ಹಿಂದಿಯ ನಡುವೆ ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡವೂ ಕೇಳುತ್ತದೆ. ಮುಂಬಯಿ ಮಹಾನಗರ ಪಾಲಿಕೆ ಕನ್ನಡ ಮಾಧ್ಯಮ ಶಾಲೆಗಳನ್ನು ನಡೆಸುತ್ತ ಬಂದಿರುವುದು ಇಂಥ ಮನೆಗಳ ಮಕ್ಕಳಿಗಾಗಿ. 1956ರ ನವೆಂಬರ್ 1ರವರೆಗೆ ವಿಜಯಪುರವೂ ಧಾರಾವಿಯೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಗೆರೆ ಬಿದ್ದಿತು, ಜನರ ಓಡಾಟ ನಿಲ್ಲಲಿಲ್ಲ. ಈ ಓಡಾಟದ ಮಗನಿಗೆ ಕಾನೂನಿನಲ್ಲಿ ಅಂಚೆ ಮತಪತ್ರ ಇಲ್ಲ, ಬದಲಿ ಮತ ಇಲ್ಲ, ಅವನಿಗೆಂದು ಒಂದು ನಮೂನೆಯೂ ಇಲ್ಲ.

ಇಲ್ಲಿ ನ್ಯಾಯವಾಗಿ ಎರಡು ಬಗೆಯ ಜನರನ್ನು ಬೇರೆ ಮಾಡಿ ನೋಡಬೇಕು. ಹೆಂಡತಿ ಮಕ್ಕಳೊಡನೆ ವರ್ಷಗಳಿಂದ ಧಾರಾವಿಯಲ್ಲೇ ನೆಲೆಸಿದವರು ಒಂದು ಬಗೆ. ಅವರ ನೀರು, ಶೌಚಾಲಯ, ಶಾಲೆ, ಮನೆ ಎಲ್ಲ ನಿರ್ಧಾರವಾಗುವುದು ಇಲ್ಲಿ. ಅವರು ಊರಿನ ಪಟ್ಟಿಗೆ ಅಂಟಿಕೊಳ್ಳುವುದರಲ್ಲಿ ಅರ್ಥವಿಲ್ಲ. ಅಲ್ಲದೆ ಮುಂಬಯಿಯ ಕೊಳೆಗೇರಿಗಳಲ್ಲಿ ಮತದಾರರ ಪಟ್ಟಿಗೆ ಇನ್ನೊಂದು ಬೆಲೆಯೂ ಇದೆ. ಪುನರ್ವಸತಿಯ ಮನೆಗೆ ಅರ್ಹತೆ ನಿರ್ಧರಿಸುವಾಗ ಮೊದಲು 1995ರ ಜನವರಿ 1, ಆಮೇಲೆ 2000ದ ಜನವರಿ 1 ಗಡುವಾಯಿತು. ಆ ದಿನಕ್ಕೆ ಇಲ್ಲಿದ್ದೆವು ಎಂಬುದಕ್ಕೆ ಹಳೆಯ ಮತದಾರರ ಪಟ್ಟಿಯ ಹಾಳೆಯೇ ಬಡವರ ಗಟ್ಟಿ ಸಾಕ್ಷಿ. ಧಾರಾವಿಯ ಪುನರಭಿವೃದ್ಧಿಗೆ ಮನೆಮನೆ ಸಮೀಕ್ಷೆ ನಡೆದಾಗ ಎಷ್ಟೋ ಮನೆಗಳ ಟ್ರಂಕಿನಿಂದ ಹೊರಬಂದದ್ದು ಇಂಥ ಹಳದಿಗಟ್ಟಿದ ಕಾಗದಗಳೇ. ಇಲ್ಲಿ ಮತ ಎಂದರೆ ಬರೀ ಮತವಲ್ಲ, ತಲೆಯ ಮೇಲಿನ ಸೂರು.

ಇನ್ನೊಂದು ಬಗೆಯವರು ಋತುವಿನ ವಲಸಿಗರು. ಮುಂಗಾರು ಬಿತ್ತನೆಗೆ ಊರಲ್ಲಿ ಇರುತ್ತಾರೆ, ಹೊಲ ಖಾಲಿಯಾದ ಮೇಲೆ ಮುಂಬಯಿಗೆ ಬರುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಇವರ ಗೈರುಹಾಜರಿ ತಾತ್ಕಾಲಿಕ, ಹೆಸರು ಊರಲ್ಲೇ ಇರತಕ್ಕದ್ದು. ಆದರೆ ನಮ್ಮ ಚುನಾವಣೆಗಳು ಬರುವುದು ಬೇಸಿಗೆಯಲ್ಲಿ. ಕರ್ನಾಟಕ ವಿಧಾನಸಭೆಗೆ 2018ರಲ್ಲಿ ಮೇ 12ರಂದು, 2023ರಲ್ಲಿ ಮೇ 10ರಂದು ಮತದಾನವಾಯಿತು. 2024ರ ಲೋಕಸಭೆಗೆ ಕಲಬುರಗಿಯಲ್ಲಿ ಮೇ 7ರಂದು ನಡೆಯಿತು. ಹೊಲದಲ್ಲಿ ಕೆಲಸವಿಲ್ಲದೆ ಜನ ಊರು ಬಿಟ್ಟಿರುವ ದಿನಗಳೇ ಮತದಾನದ ದಿನಗಳು.

ಆಗ ಊರಿನಿಂದ ಫೋನು ಬರುತ್ತದೆ. “ಇಲೆಕ್ಷನ್ ಬಂದದ, ಎಲ್ಲಾರೂ ಬರ್ರಿ, ಗಾಡಿ ನಾವೇ ಮಾಡ್ತೀವಿ.” ಅಭ್ಯರ್ಥಿಗಳ ಕಡೆಯವರು ಮತದಾರರನ್ನು ಪುಕ್ಕಟೆ ವಾಹನದಲ್ಲಿ ಮತಗಟ್ಟೆಗೆ ಕರೆತರುವುದು 1951ರ ಜನಪ್ರತಿನಿಧಿ ಕಾಯ್ದೆಯ 123ನೇ ಕಲಂ ಪ್ರಕಾರ ಭ್ರಷ್ಟ ಆಚರಣೆ. 133ನೇ ಕಲಂ ಅದಕ್ಕೆ ಮೂರು ತಿಂಗಳವರೆಗೆ ಜೈಲು ಮತ್ತು ದಂಡ ವಿಧಿಸುತ್ತದೆ. ಕೂಲಿಕಾರನಿಗೆ ಕಾನೂನು ದಾರಿ ಕೊಟ್ಟಿಲ್ಲ, ಇರುವ ಒಂದೇ ದಾರಿ ಕಾನೂನಿಗೆ ವಿರುದ್ಧ. ಬಸ್ಸು ಕೊಟ್ಟವನು ಋಣವನ್ನೂ ಹೊರಿಸುತ್ತಾನೆ, ಋಣ ಹೊತ್ತ ಬೆರಳು ಸ್ವತಂತ್ರವಾಗಿ ಗುಂಡಿ ಒತ್ತುವುದು ಕಷ್ಟ. ನನ್ನನ್ನು ಅತಿ ಹೆಚ್ಚು ನೋಯಿಸುವ ಸಂಗತಿ ಇದು.

ಯಾವ ಕಡೆಯ ಮತವೂ ಕೈತಪ್ಪದಿರಲಿ ಎಂದು ಕೆಲವರು ಎರಡೂ ಕಡೆ ಹೆಸರು ಇಟ್ಟುಕೊಳ್ಳುತ್ತಾರೆ. 2024ರಲ್ಲಿ ಕಲಬುರಗಿಯ ಮತದಾನವಾದ 13 ದಿನಗಳ ಬಳಿಕ, ಮೇ 20ರಂದು ಮುಂಬಯಿಯಲ್ಲಿ ಮತದಾನ ನಡೆಯಿತು. ಎರಡೂ ಕಡೆ ಮತ ಹಾಕುವ ಆಸೆ ಅಪಾಯದ್ದು. ಎರಡು ಕ್ಷೇತ್ರಗಳ ಪಟ್ಟಿಯಲ್ಲಿ ಹೆಸರಿರುವುದೇ ಕಾನೂನುಬಾಹಿರ. ಎರಡು ಕಡೆ ಮತ ಹಾಕಿದರೆ ಎರಡೂ ಮತ ಅಸಿಂಧು. ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ ಆಗಬಹುದು. ಪಟ್ಟಿ ಪರಿಷ್ಕರಣೆ ಬಿಗಿಯಾದಾಗ ಮೊದಲು ಪೆಟ್ಟು ಬೀಳುವುದೂ ವಲಸಿಗರಿಗೇ. 2025ರಲ್ಲಿ ಬಿಹಾರದ ವಿಶೇಷ ಪರಿಷ್ಕರಣೆಯ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರುಗಳು ಇರಲಿಲ್ಲ, ಕೊಟ್ಟ ಕಾರಣಗಳಲ್ಲಿ ‘ಬೇರೆಡೆಗೆ ಹೋಗಿದ್ದಾರೆ’ ಎಂಬುದೂ ಒಂದು.

ದಾರಿ ಮಾಡುವುದು ಅಸಾಧ್ಯವೇ? ಕಾಶ್ಮೀರ ಬಿಟ್ಟುಬಂದ ಪಂಡಿತರು ಜಮ್ಮು, ಉಧಂಪುರ, ದೆಹಲಿಯ ವಿಶೇಷ ಮತಗಟ್ಟೆಗಳಲ್ಲಿ ತಮ್ಮ ಕಣಿವೆಯ ಕ್ಷೇತ್ರಗಳಿಗೆ ಮತ ಹಾಕುತ್ತ ಬಂದಿದ್ದಾರೆ. 2022ರ ಡಿಸೆಂಬರ್ 29ರಂದು ಚುನಾವಣಾ ಆಯೋಗ ದೂರ ಮತಯಂತ್ರವೊಂದರ ಮಾದರಿಯನ್ನು ಪ್ರಕಟಿಸಿತು. ಒಂದೇ ಮತಗಟ್ಟೆಯಿಂದ 72 ಕ್ಷೇತ್ರಗಳ ಮತ ಪಡೆಯಬಲ್ಲ ಯಂತ್ರ ಅದು. ಧಾರಾವಿಯ ಒಂದು ಶಾಲೆಯಲ್ಲಿ ಅದನ್ನಿಟ್ಟರೆ ಜೇವರ್ಗಿಯವನೂ ಸಿಂದಗಿಯವನೂ ಸುರಪುರದವನೂ ಅಲ್ಲೇ ಸಾಲು ನಿಲ್ಲಬಹುದು. 2023ರ ಜನವರಿ 16ರಂದು ಅದನ್ನು ತೋರಿಸಲು ಪಕ್ಷಗಳನ್ನು ಸಭೆಗೆ ಕರೆದಾಗ ವಿರೋಧ ಪಕ್ಷಗಳು ಒಪ್ಪಲಿಲ್ಲ. ವಲಸಿಗ ಎಂದರೆ ಯಾರು, ದೂರದ ಮತಗಟ್ಟೆಗೆ ಏಜೆಂಟರನ್ನು ಕೂರಿಸುವುದು ಹೇಗೆ, ಬೇರೆ ರಾಜ್ಯದಲ್ಲಿ ನೀತಿಸಂಹಿತೆ ಕಾಯುವವರು ಯಾರು ಎಂಬ ಅವರ ಪ್ರಶ್ನೆಗಳು ಹಗುರವಾದವಲ್ಲ. ಮತದ ಗುಟ್ಟು ಮತ್ತು ಎಣಿಕೆಯ ಮೇಲಿನ ನಂಬಿಕೆ ಕೆಟ್ಟರೆ ಯಾವ ಸವಲತ್ತೂ ಬೇಡ. ಆದರೆ ಪ್ರಶ್ನೆ ಕಠಿಣ ಎಂಬ ಕಾರಣಕ್ಕೆ ಕಡತವನ್ನು ಮುಚ್ಚಿಡುವುದು ಉತ್ತರವಲ್ಲ.

ನಾಲ್ಕಾರು ಮತದಿಂದ ಏನಾಗುತ್ತದೆ ಎನ್ನುವವರಿಗೆ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ನೆನಪಿರಲಿ. 2004ರಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಮತದಿಂದ. 2023ರಲ್ಲಿ ಬೆಂಗಳೂರಿನ ಜಯನಗರದ ಅಂತರ 16 ಮತ, ತಿರಸ್ಕೃತ ಅಂಚೆ ಮತಗಳ ಮರುಪರಿಶೀಲನೆಯೇ ಅಲ್ಲಿ ವಿವಾದವಾಯಿತು. 2024ರಲ್ಲಿ ಮುಂಬಯಿ ವಾಯವ್ಯ ಲೋಕಸಭಾ ಕ್ಷೇತ್ರದ ಅಂತರ 48 ಮತ, ಅಲ್ಲೂ ಕೊನೆಯ ಜಗಳ ಅಂಚೆ ಮತಗಳದ್ದೇ. ಊರಲ್ಲಿಲ್ಲದವರ ಮತ ಊರಿನ ಫಲಿತಾಂಶವನ್ನು ತಿರುಗಿಸಬಲ್ಲದು.

ಹಾಗಾಗಿ ಓದುಗರಲ್ಲಿ ನೇರವಾಗಿ ಕೇಳಿಕೊಳ್ಳುತ್ತೇನೆ. ಮನೆಯಲ್ಲಿ ಸೈನಿಕರಿದ್ದರೆ ಅವರ ಹೆಸರು ಊರಿನ ಪಟ್ಟಿಯ ಕೊನೆಯಲ್ಲಿರುವ ಸೇವಾ ಮತದಾರರ ಭಾಗದಲ್ಲಿದೆಯೇ ನೋಡಿ, ಇಲ್ಲದಿದ್ದರೆ ಘಟಕದ ಮೂಲಕ ಸೇರಿಸಲು ಹೇಳಿ. ವಿದೇಶದಲ್ಲಿದ್ದವರು ನಮೂನೆ 6ಎ ತುಂಬಿ. ಲಕ್ಷ ಇರುವ ಪಟ್ಟಿ ಕೋಟಿಯಾದಾಗ ಸಂಸತ್ತಿಗೂ ಕಿವಿ ಕೇಳಿಸುತ್ತದೆ. ಧಾರಾವಿಯಲ್ಲಿ ನೆಲೆಸಿದ ಕನ್ನಡಿಗರು ನಮೂನೆ 8 ಕೊಟ್ಟು ಊರಿನ ಹೆಸರನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಿ. ಬಾಡಿಗೆ ಕರಾರು ಇಲ್ಲವೆಂದು ಹಿಂಜರಿಯಬೇಡಿ. ಸೂರಿಲ್ಲದವರಿಗೆ ದಾಖಲೆಯನ್ನೇ ಕೇಳದೆ, ಮತಗಟ್ಟೆ ಮಟ್ಟದ ಅಧಿಕಾರಿಯಾದ ಬಿಎಲ್‌ಒ ರಾತ್ರಿ ಹೊತ್ತು ಬಂದು ಅವರು ಅಲ್ಲೇ ಮಲಗುತ್ತಾರೆಂದು ಖಾತ್ರಿ ಮಾಡಿಕೊಂಡರೆ ಸಾಕು ಎಂಬುದು ಆಯೋಗದ್ದೇ ಸೂಚನೆ. ಮತದಾನದ ದಿನ ಸಂಬಳ ಸಹಿತ ರಜೆ ದಿನಗೂಲಿಯವರಿಗೂ ಉಂಟು. ಸಂದೇಹವಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ.

ಸರ್ಕಾರ ಮತ್ತು ಆಯೋಗಕ್ಕೆ ಒಂದೇ ಮಾತು. ಲಡಾಖಿನ ಮಗನಿಗೆ ಮಾಡಿದ ದಾರಿಯನ್ನು ದುಬೈಯವನಿಗೂ ಧಾರಾವಿಯ ಋತು ವಲಸಿಗನಿಗೂ ಮಾಡಿ, ಪಕ್ಷಗಳನ್ನು ಮತ್ತೆ ಕೂರಿಸಿಕೊಂಡು ಮಾಡಿ. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ನಮ್ಮ ಹೆಸರು. ಅದು ಒಂದೇ ಕಡೆ ಇರಲಿ. ಆದರೆ ಇದ್ದೇ ಇರಲಿ.